ಜಾಲಹಳ್ಳಿಯಲ್ಲಿ ಕುದಿಯುತ್ತಿದ್ದ ಪಿಕಪ್

ಈಗಿನ ಹುಡುಗರು ಬಾನೆಟ್ಟಿನೊಳಗೆ ತಲೆ ಹಾಕುವ ಮೊದಲು ಫೋನಿನೊಳಗೆ ತಲೆ ಹಾಕುತ್ತಾರೆ. ನಾನು ಬೈಯುವುದಿಲ್ಲ. ಬೈದು ಬೈದು ಬಾಯಿ ಸೋತಿದೆ, ಮೇಲಾಗಿ ಆ ಫೋನು ಎಷ್ಟೋ ಸಲ ನನಗಿಂತ ಸರಿಯಾಗಿ ಹೇಳಿದೆ. ರಾಯಚೂರಿನ ಮಾನ್ವಿ ರಸ್ತೆಯ ಗ್ಯಾರೇಜೊಂದಕ್ಕೆ ಮೀಸೆ ಮೂಡುವ ಮೊದಲು ಸೇರಿ, ಮೀಸೆ ಬೆಳ್ಳಗಾದ ಮೇಲೆ ಹೊರಗೆ ಬಂದವನು ನಾನು. ಸೊಂಟ ಬಗ್ಗದೆ ಕೆಲಸ ಬಿಟ್ಟೆ. ಈಗಲೂ ಗ್ಯಾರೇಜಿನವರು ಆಗಾಗ ಕರೆದು, ಕುರ್ಚಿ ಹಾಕಿ, “ತಿಪ್ಪಣ್ಣ ಮೇಸ್ತ್ರಿ, ಹೊಸಬರಿಗೆ ನಾಕು ಮಾತು ಹೇಳ್ರಿ” ಅನ್ನುತ್ತಾರೆ. ಚಹಾ ಕುಡಿದು, ಸುಲಭದ್ದನ್ನಷ್ಟೇ ಹೇಳಿ ಎದ್ದು ಬರುತ್ತೇನೆ. ಅಲ್ಲಿ ಹೇಳದೆ ಉಳಿದದ್ದು ಇಲ್ಲಿದೆ.

ಬೇಸಿಗೆಯಲ್ಲಿ ನಮ್ಮ ಕಡೆ ಮನುಷ್ಯರೇ ಕುದಿಯುತ್ತಾರೆ, ಹಳೆಯ ಪಿಕಪ್ಪಿನ ಮಾತೇನು? ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, “ಎಂಜಿನ್ ಹೋಗೇದ ನೋಡ್ರಿ.” ಎಂಜಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನನಗೆ ಕೆಲಸ ಕಲಿಸಿದ ಉಸ್ತಾದ್ ಮಹಬೂಬ ಸಾಬರು ಪಾನಾ ಹಿಡಿದು ನಟ್ಟು ಮುಟ್ಟುವುದಕ್ಕೆ ಮೊದಲು ಡ್ರೈವರನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ನಿಂತಾಗ ಬಿಸಿಯಾಗುತ್ತದೋ ಓಡುವಾಗಲೋ? ಖಾಲಿ ಇದ್ದಾಗಲೋ ಹೇರು ಇದ್ದಾಗಲೋ? ಯಾವ ಊರು ದಾಟಿದ ಮೇಲೆ? ನಿಂತಾಗ ಬಿಸಿಯಾದರೆ ಫ್ಯಾನು, ಅದರ ಬೆಲ್ಟು ನೋಡು. ಓಡುವಾಗ ಬಿಸಿಯಾದರೆ ರೇಡಿಯೇಟರಿನಲ್ಲಿ ನೀರು ತಿರುಗುತ್ತಿಲ್ಲ. ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಮಾಲೀಕನಿಗೆ ಮೊದಲು ನೀರು ಕುಡಿಸಿ ಆಮೇಲೆ ಸುದ್ದಿ ಹೇಳು. ಇಷ್ಟನ್ನು ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದೆ ನಾನು ಸೇರಿದ ಹೊಸದರಲ್ಲೇ ಬಿಸಿ ರೇಡಿಯೇಟರಿನ ಮುಚ್ಚಳ ತಿರುವಿದೆ. ಬಲಗೈ ಮೇಲಿನ ಕಲೆ ಇನ್ನೂ ಇದೆ. ಉಸ್ತಾದರು ಮುಲಾಮು ಹಚ್ಚುತ್ತಾ, “ಬೇಟಾ, ಗಾಡಿ ಸಿಟ್ಟಿನ್ಯಾಗ ಇದ್ದಾಗ ಅದರ ಬಾಯಿ ತೆಗಸಬಾರ್ದು” ಎಂದು ನಕ್ಕಿದ್ದರು.

ಅವರಿಂದ ಕಲಿತ ವಿದ್ಯೆಗಳಲ್ಲಿ ನನಗೆ ಬಹಳ ಸೊಕ್ಕು ತಂದದ್ದು ನೀರಿನ ವಿದ್ಯೆ. ನಮ್ಮ ಜಿಲ್ಲೆಯ ಬೋರಿನ ನೀರು ಒಂದೊಂದು ಊರಿಗೆ ಒಂದೊಂದು ಥರ. ಎಲ್ಲವೂ ಸವಳೇ, ಉಪ್ಪುಪ್ಪು, ಆದರೆ ರೇಡಿಯೇಟರಿನ ಬಾಯಿಗೆ ಪದರಾಗಿ ಕಟ್ಟುವ ಕರಣೆ ಬೇರೆ ಬೇರೆ. ಒಂದು ಊರಿನದು ಸುಣ್ಣದಷ್ಟು ಬಿಳಿ, ಇನ್ನೊಂದರದು ಹಳದಿಗೆ ತಿರುಗಿದ್ದು, ಉಗುರಿನಿಂದ ಕೆರೆದರೆ ಹಾಳೆ ಹಾಳೆಯಾಗಿ ಏಳುವಂಥದ್ದು. ಮುಚ್ಚಳ ತೆಗೆದು ನೋಡಿ, “ಗಾಡಿ ದೇವದುರ್ಗದ ಕಡೆಯಿಂದ ಬಂದದ” ಎಂದರೆ ಡ್ರೈವರ್ ಕಣ್ಣು ಬಿಡುತ್ತಿದ್ದ. ನಾನು ಮೀಸೆ ತಿರುವುತ್ತಿದ್ದೆ.

ಜನರ ಉಪಾಯಗಳೂ ಕಡಿಮೆ ಇರಲಿಲ್ಲ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಸುರಿಯುತ್ತಿದ್ದರು. ಸೋರುವುದು ನಿಲ್ಲುತ್ತಿತ್ತು, ಜೊತೆಗೆ ನೀರು ತಿರುಗುವುದೂ ನಿಲ್ಲುತ್ತಿತ್ತು. ಮಾನ್ವಿಯ ಅಕ್ಕಿ ಗಿರಣಿಯ ಪಿಕಪ್ಪೊಂದು ಮೂರು ಗ್ಯಾರೇಜು ಸುತ್ತಿ ನಮ್ಮಲ್ಲಿಗೆ ಬಂದಿತ್ತು. ರೇಡಿಯೇಟರಿನ ಜಾಲಿಯಲ್ಲಿ ಭತ್ತದ ಹೊಟ್ಟು ಮೆತ್ತಿಕೊಂಡು ಗಾಳಿಗೆ ದಾರಿಯೇ ಇರಲಿಲ್ಲ, ಊದಿ ಕೊಟ್ಟೆವು, ಅಷ್ಟೇ. ಹಿರೇಕೊಟ್ನೆಕಲ್‌ನ ರೈತರೊಬ್ಬರು ರೇಡಿಯೇಟರಿನ ಮುಂದೆ ಹಸಿ ಗೋಣಿತಟ್ಟು ಕಟ್ಟಿಕೊಂಡು ಬಂದಿದ್ದರು. ಗಾಳಿ ಹೋಗುವ ದಾರಿಯನ್ನೇ ಮುಚ್ಚೀರಲ್ಲ ಎಂದರೆ, “ಹಸಿ ತಟ್ಟು ಸುತ್ತಿದ್ರ ಮನ್ಯಾಗಿನ ಕೊಡ ತಂಪಾಗ್ತದ, ಇದ್ಯಾಕ ಆಗಂಗಿಲ್ರೀ?” ಎಂದು ನನ್ನನ್ನೇ ಕೇಳಿದರು. ನನಗೆ ಆವತ್ತು ನಗು ತಡೆಯಲಾಗಲಿಲ್ಲ.

ಇಷ್ಟು ತಿಳಿದವನು ನಾನು. ಆದರೂ ನರಸಪ್ಪನ ಪಿಕಪ್ ನನಗೆ ತಿಳಿಯಲಿಲ್ಲ.

ನರಸಪ್ಪ ಯಾಪಲದಿನ್ನಿಯವನು. ರಾಯಚೂರಿನಲ್ಲಿ ಮಂಡಾಳ, ಅಂದರೆ ಮಂಡಕ್ಕಿ, ಹೇರಿಕೊಂಡು ದೇವದುರ್ಗಕ್ಕೆ, ಅಲ್ಲಿಂದ ಜಾಲಹಳ್ಳಿಯ ಅಂಗಡಿಗಳಿಗೆ ಹಾಕಿ ಬರುವುದು ಅವನ ಕಸುಬು. ಮಂಡಾಳದ ಮೂಟೆ ನೋಡಲು ಗುಡ್ಡ, ಎತ್ತಿದರೆ ಗಾಳಿ. ಇಂಥ ಹಗುರ ಹೇರಿಗೆ ಎಂಥ ಹಳೆಯ ಗಾಡಿಯೂ ಕುದಿಯಬಾರದು. ಇದು ಮಾತ್ರ ಪ್ರತಿ ಸಲ ಜಾಲಹಳ್ಳಿ ಮುಟ್ಟಿದ ಕೂಡಲೇ ಕುದಿಯುತ್ತಿತ್ತು. ಅದೂ ಊರ ಅಂಚಿನ ಒಂದು ಬೇವಿನ ಮರದ ಹತ್ತಿರ. ಅಲ್ಲಿ ನಿಲ್ಲಿಸಿ, ಎದುರಿನ ಮನೆಯಲ್ಲಿ ನೀರು ಕೇಳಿ, ಹುಯ್ದುಕೊಂಡು ಬರುತ್ತಿದ್ದ.

“ಆ ನೀರು ಸವಳು ಮಾರಾಯಾ, ರೇಡಿಯೇಟರ್ ಹಾಳಾಕ್ಕದ. ಇಲ್ಲಿಂದಲೇ ಒಂದು ಕ್ಯಾನ್ ಸೀನೀರು ತಗೊಂಡು ಹೋಗು” ಎಂದು ಹೇಳಿದ್ದಕ್ಕೆ ಲೆಕ್ಕವಿಲ್ಲ. “ಹೂಂ ಮೇಸ್ತ್ರಿ” ಅನ್ನುವನು. ಮುಂದಿನ ಸಲ ನೋಡಿದರೆ ಗಾಡಿಯಲ್ಲಿ ಕ್ಯಾನೂ ಇಲ್ಲ, ಬಾಟಲಿಯೂ ಇಲ್ಲ.

ಉಸ್ತಾದರು ಆ ಗಾಡಿಯನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ರೇಡಿಯೇಟರ್ ಇಳಿಸಿ ಕರಣೆ ತೆಗೆಯುವರು, ಬೆಲ್ಟು ಬಿಗಿ ಮಾಡುವರು, ಎಣ್ಣೆಯಲ್ಲಿ ನೀರು ಸೇರಿದೆಯೇ ಎಂದು ಕಡ್ಡಿ ಎತ್ತಿ ನೋಡುವರು. ಕೊನೆಗೆ ಅದೇ ಹಳೆಯ ಮುಚ್ಚಳವನ್ನು ತಿರುಗಿ ಹಾಕುವರು. ಆ ಮುಚ್ಚಳದ ಸ್ಪ್ರಿಂಗ್ ಸೋತಿತ್ತು. ಹೊಸಬರಿಗಾಗಿ ಬಿಡಿಸಿ ಹೇಳುತ್ತೇನೆ. ರೇಡಿಯೇಟರಿನ ಮುಚ್ಚಳ ಬರೀ ಮುಚ್ಚುವುದಕ್ಕಲ್ಲ, ಕುಕ್ಕರಿನ ಹಾಗೆ ಒಳಗಿನ ನೀರನ್ನು ಒತ್ತಿ ಹಿಡಿಯುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ನೀರು ಬೇಗ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತರೆ ಎಂಜಿನ್ ನೆಟ್ಟಗಿದ್ದರೂ ನೀರು ಕುದಿದು ಉಕ್ಕುತ್ತದೆ. “ಉಸ್ತಾದ್, ಮುಚ್ಚಳ ಒಂದು ಬದ್ಲಿ ಮಾಡಿದ್ರ ಕತಿ ಮುಗೀತದ” ಎಂದರೆ, “ಅದು ಇರ್ಲಿ ಬಿಡು. ಅದರಿಂದ ಎಂಜಿನ್‌ಗೆ ಏನೂ ಆಗಂಗಿಲ್ಲ, ನಾ ನೋಡ್ಕೋತೀನಿ” ಅನ್ನುವರು. ಮುದುಕರಿಗೆ ಮರೆವು ಹತ್ತಿದೆ ಅಂದುಕೊಂಡೆ. ಆಗ ಅವರ ಕಣ್ಣಿಗೂ ಪೊರೆ ಬಂದಿತ್ತು, ನನ್ನ ಅನುಮಾನಕ್ಕೆ ಅದೊಂದು ಬಲ ಸಿಕ್ಕಿತು.

ಪೊರೆ ತೆಗೆಸಲು ಉಸ್ತಾದರು ಹೈದರಾಬಾದಿನ ಮಗಳ ಮನೆಗೆ ಹೋದರು. ಗ್ಯಾರೇಜು ನನ್ನ ಕೈಗೆ ಬಂತು. ಅದೇ ಸಮಯಕ್ಕೆ ನರಸಪ್ಪನ ಗಾಡಿಯೂ ಬಂತು. ಈ ಸಲ ನಾನು ಬಿಡಲಿಲ್ಲ. ರೇಡಿಯೇಟರನ್ನು ಪೂರ್ತಿ ಬಿಚ್ಚಿಸಿ ಕೊಳವೆ ಕೊಳವೆಗೂ ಸರಳು ಹಾಕಿಸಿದೆ. ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನು ಯಾರೋ ಹಿಂದೆ ಕಿತ್ತು ಬಿಸಾಡಿದ್ದರು, ಆ ಜಾಗಕ್ಕೆ ಹೊಸದು ತರಿಸಿ ಕೂರಿಸಿದೆ. ನಮ್ಮ ಕಡೆಯ ಮೇಸ್ತ್ರಿಗಳಿಗೆ ಅದನ್ನು ಕಂಡರೆ ಆಗದು, ಸೆಕೆಯ ಊರಿಗೆ ಯಾಕೆ ಬೇಕು ಎಂದು ಕಿತ್ತು ಹಾಕುತ್ತಾರೆ. ನೀವು ಆ ತಪ್ಪು ಮಾಡಬೇಡಿ. ಹಸಿರು ಕೂಲಂಟ್ ತುಂಬಿದೆ. ಕೊನೆಗೆ ಆ ಹಳೆಯ ಮುಚ್ಚಳವನ್ನು ಗುಜರಿ ಡಬ್ಬಿಗೆ ಎಸೆದು ಹೊಸದನ್ನು ತಿರುವಿದೆ.

“ಇನ್ನ ಮ್ಯಾಲೆ ಯಾರ ಮನಿ ಮುಂದೂ ನೀರು ಬೇಡೋದು ಬ್ಯಾಡ ನೋಡಪಾ” ಎಂದು ಬಾನೆಟ್ ತಟ್ಟಿದೆ.

ನರಸಪ್ಪ ಹೊಸ ಮುಚ್ಚಳವನ್ನು ನೋಡಿದ. ಮುಖ ಸಪ್ಪಗಿತ್ತು. ಹೊಸ ಸಾಮಾನಿನ ಖರ್ಚಿನ ಚಿಂತೆ ಇರಬೇಕು ಅಂದುಕೊಂಡೆ. ಮನುಷ್ಯನ ಮುಖ ಓದುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ.

ಕೆಲವು ವಾರ ಕಳೆದು ಅವನು ಮತ್ತೆ ಬಂದ. ಗಾಡಿಯನ್ನು ಹೊರಗೇ ನಿಲ್ಲಿಸಿ, ಬಾಗಿಲಲ್ಲಿ ನಿಂತು ಚಪ್ಪಲಿ ತುದಿಯಿಂದ ನೆಲ ಕೆದರುತ್ತಿದ್ದ.

“ಏನಪಾ, ಮತ್ತ ಕುದಿಯಾಕತ್ತದೇನು?”

“ಇಲ್ರೀ ಮೇಸ್ತ್ರಿ. ಕುದಿಯವಲ್ದು.”

“ಹಂಗಾದ್ರ ಬಂದದ್ದೇನು?”

ಅತ್ತ ಇತ್ತ ನೋಡಿ, ದನಿ ಇಳಿಸಿ ಅಂದ, “ಸ್ವಲ್ಪ ಕುದಿಯೋ ಹಂಗ ಮಾಡಿ ಕೊಡ್ತೀರೇನು?”

ನಾನು ಜೋರಾಗಿ ನಕ್ಕುಬಿಟ್ಟೆ. ಜೀವಮಾನದಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಅವನು ನಗಲಿಲ್ಲ. ಕೂರಿಸಿ ಚಹಾ ತರಿಸಿದೆ. ಆಗ ಒಂದೊಂದೇ ಮಾತು ಹೊರಬಂತು.

ಬೇವಿನ ಮರದ ಎದುರಿನ ಮನೆ ಅವನ ಅಕ್ಕ ಈರಮ್ಮನದು. ತಾಯಿ ಬೇಗ ತೀರಿಕೊಂಡು, ಅವನನ್ನು ಎತ್ತಿ ಬೆಳೆಸಿದವಳು ಆಕೆಯೇ. ಈರಮ್ಮನಿಗೆ ಮಗಳು ಹುಟ್ಟಿದಾಗ ತೊಟ್ಟಿಲ ಹತ್ತಿರವೇ ಮಾತಾಯಿತು, ಇವಳು ನರಸಪ್ಪನಿಗೆ ಎಂದು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಆ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಿದವನು ಅವನು, ಮೂಗು ಒರೆಸಿದವನು, ಶಾಲೆಗೆ ಬಿಟ್ಟು ಬಂದವನು. “ನನ್ನ ಮಗಳಿದ್ದಂಗ ಆಕಿ, ಹೆಂಗ ತಾಳಿ ಕಟ್ಲಿ ಹೇಳ್ರಿ?” ಎಂದ. ಒಲ್ಲೆ ಎಂದು ಬೇರೆ ಕಡೆ ಮದುವೆಯಾದ. ಅಕ್ಕನ ಗಂಡನಿಗೆ ಅದು ಊರ ಮುಂದೆ ಆದ ಅವಮಾನ. “ನನ್ನ ಹೊಸ್ತಿಲ ತುಳೀಬ್ಯಾಡ” ಎಂದುಬಿಟ್ಟ. ಆ ಹುಡುಗಿಗೆ ಮಾನ್ವಿಯ ಶಾಲಾ ಮೇಷ್ಟರ ಜೊತೆ ಮದುವೆಯಾಗಿ, ಅವಳು ಸುಖವಾಗಿದ್ದಳು. ಆದರೂ ಭಾವನ ಆ ಮಾತು ಹಾಗೆಯೇ ನಿಂತಿತ್ತು. ಫೋನಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಭಾವನ ಅಂಗಿ ಕಿಸೆಯಲ್ಲಿ.

ಒಂದು ಬೇಸಿಗೆಯಲ್ಲಿ ಪಿಕಪ್ ನಿಜವಾಗಿಯೇ ಆ ಬೇವಿನ ಮರದ ಕೆಳಗೆ ಕುದಿದು ನಿಂತಿತು. ಬೇರೆ ದಾರಿ ಇಲ್ಲದೆ ನೀರು ಕೇಳಿದ. ಕಟ್ಟೆ ಮೇಲೆ ಕೂತಿದ್ದ ಭಾವ ಮುಖ ತಿರುಗಿಸಿದ, ಆದರೆ ಬೇಡ ಅನ್ನಲಿಲ್ಲ. ನಮ್ಮ ಕಡೆ ಜಗಳ ಎಂಥದ್ದೇ ಇರಲಿ, ನೀರಿಗೆ ಇಲ್ಲ ಅನ್ನುವ ಮನೆ ಇಲ್ಲ. ಈರಮ್ಮ ಕೊಡ ಹೊತ್ತು ರಸ್ತೆಗೆ ಬಂದಳು. ಬಾನೆಟ್ಟಿನ ಮರೆಯಲ್ಲಿ ನಿಂತು, “ಉಂಡೀಯೇನು?” ಎಂದಳು. “ಉಂಡೀನಿ ಯಕ್ಕಾ” ಎಂದ. ನೀರು ಹುಯ್ಯುವಷ್ಟು ಹೊತ್ತು, ಎರಡು ಮಾತು. ಅಂದಿನಿಂದ ಪ್ರತಿ ಸಲ ಹಾಗೆಯೇ ನಡೆಯಿತು. ಮಗ ನಡೆಯಲು ಕಲಿತದ್ದು, ಹೆಂಡತಿಗೆ ಜ್ವರ ಬಂದದ್ದು, ಊರಿನ ಮನೆಗೆ ಶೀಟು ಹೊದಿಸಿದ್ದು, ಎಲ್ಲವನ್ನೂ ಬಿಸಿ ರೇಡಿಯೇಟರಿನ ಮೇಲೆ ಬಗ್ಗಿಕೊಂಡೇ ಹೇಳಿದ್ದ.

“ಈಗ ಗಾಡಿ ಮನಿ ಮುಂದ ಹಂಗೇ ಹಾದು ಹೋಗ್ತದ್ರಿ. ಆಕಿ ಕೊಡ ಇಟ್ಕೊಂಡು ಬಾಗಲಾಗ ನಿಂತಿರ್ತಾಳ. ನಾ ಹಾರನ್ ಹೊಡದು ಹೋಗ್ತೀನಿ.”

ನನಗೆ ಒಂದು ಕಡೆ ಕನಿಕರ, ಇನ್ನೊಂದು ಕಡೆ ಸಿಟ್ಟು. “ಗಾಡಿ ನಿಲ್ಸು, ಇಳಿ, ಒಳಗ ಹೋಗು. ಅದಕ್ಕ ಎಂಜಿನ್ ಯಾಕ ಸುಡಬೇಕು?” ಎಂದೆ.

“ಏನಂತ ಹೋಗ್ಲಿ ಮೇಸ್ತ್ರಿ?”

“ಕೆಟ್ಟದ್ದನ್ನ ರಿಪೇರಿ ಮಾಡೋದು ನನ್ನ ಕಸುಬು. ಬರೋಬ್ಬರಿ ಇದ್ದದ್ದನ್ನ ಕೆಡಸಂಗಿಲ್ಲ” ಎಂದು ಕಳಿಸಿಬಿಟ್ಟೆ.

ಉಸ್ತಾದರು ಹೊಸ ಕಣ್ಣಿನೊಂದಿಗೆ ತಿರುಗಿ ಬಂದರು. ನಾನು ನಡೆದದ್ದನ್ನು ತಮಾಷೆಯಾಗಿಯೇ ಹೇಳಿದೆ. ಅವರು ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು.

“ಮುಚ್ಚಳ ಎಲ್ಲದ?”

“ಗುಜರಿಯಾಂವ ಒಯ್ದ.”

“ಪ್ರತಿ ಸಲ ಕುದಿಯೋ ಗಾಡಿ ಹೊಡಿಯಾಂವ, ಒಂದು ಕ್ಯಾನ್ ನೀರು ಇಟ್ಕೊಳ್ಳಂಗಿಲ್ಲ. ಯಾಕಂತ ಒಮ್ಮೆನರ ಕೇಳಿದೇನು ಬೇಟಾ?”

ಕೇಳಿರಲಿಲ್ಲ. ಉಸ್ತಾದರು ಕೇಳಿದ್ದರು. ಕೇಳಿ, ತಿಳಿದು, ಎಂಜಿನ್ನಿಗೆ ಪೆಟ್ಟಾಗದ ಹಾಗೆ, ಜಾಲಹಳ್ಳಿ ಮುಟ್ಟುವ ಹೊತ್ತಿಗೆ ನೀರು ಉಕ್ಕುವಂಥ ಮುಚ್ಚಳವೊಂದನ್ನು ಹುಡುಕಿ ಹಾಕಿ, ಅದನ್ನು ಜೋಪಾನ ಮಾಡಿಕೊಂಡು ಬಂದಿದ್ದರು. ನಾನು ಮರೆವು ಅಂದುಕೊಂಡದ್ದು ಅವರ ಅತಿ ಎಚ್ಚರದ ಕೆಲಸವಾಗಿತ್ತು. ನನಗೆ ನಾಚಿಕೆಯಾಯಿತು. ಅವರೇ ಹಳೆಯ ಸಾಮಾನಿನ ಗುಡ್ಡೆಯಲ್ಲಿ ಕೈಯಾಡಿಸಿ, ಸ್ಪ್ರಿಂಗ್ ಒತ್ತಿ ಒತ್ತಿ ನೋಡಿ, ಸೋತದ್ದೊಂದನ್ನು ಆರಿಸಿ ನನ್ನ ಕೈಗಿಟ್ಟರು. ನರಸಪ್ಪನಿಗೆ ಫೋನು ಮಾಡಿ ಕರೆಸಿದೆ. ಮುಚ್ಚಳ ಹಾಕಿ ಕೊಟ್ಟಾಗ ಅವನ ಮುಖ ಅರಳಿದ್ದನ್ನು ನೋಡಿ, ಆಗಿದ್ದ ತಪ್ಪು ಸರಿಹೋಯಿತು ಎಂದು ನೆಮ್ಮದಿ ಪಟ್ಟೆ.

ಎರಡು ದಿನ ಬಿಟ್ಟು ನಾನೇ ಫೋನು ಮಾಡಿದೆ. “ಕುದೀತೇನಪಾ?”

“ಕುದೀತ್ರಿ.”

“ಅಕ್ಕ ಬಂದ್ಳಾ?”

“ಬಂದ್ಳ್ರಿ” ಎಂದ. ಆಮೇಲೆ ಉಳಿದದ್ದು ಹೇಳಿದ. ಬೇವಿನ ಮರದ ಕೆಳಗೆ ಆವಿ ಎದ್ದಿತು, ಬಾನೆಟ್ ಎತ್ತಿದ, ನೀರು ಕೇಳಿದ. ಈರಮ್ಮ ಹೊರಗೆ ಬಂದಳು. ಕೊಡವನ್ನು ಹೊಸ್ತಿಲ ಹೊರಗೆ ಇಟ್ಟಳು. ಅವನ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ನೀರು ಹುಯ್ದು, ಖಾಲಿ ಕೊಡವನ್ನು ಇದ್ದ ಜಾಗದಲ್ಲೇ ಇಟ್ಟು ಬಂದ.

ಇಷ್ಟು ದಿನ ನಿಲ್ಲಿಸದೆ ಹೋದದ್ದಕ್ಕೆ ಮುನಿಸು, ಮುಂದಿನ ಸಲ ಸರಿಯಾಗುತ್ತದೆ ಎಂದೆ. ಮುಂದಿನ ಸಲವೂ ಹಾಗೆಯೇ ಆಯಿತು. ಮಳೆಗಾಲ ಬರುವಷ್ಟರಲ್ಲಿ ಅವನು ಆ ದಾರಿ ಬಿಟ್ಟ. ಪಿಕಪ್ ಮಾರಿ, ರಾಯಚೂರಿನ ಬಸ್ ನಿಲ್ದಾಣದ ಹತ್ತಿರ ಮಂಡಾಳ, ಒಗ್ಗರಣಿ, ಮಿರ್ಚಿಯ ಬಂಡಿ ಹಾಕಿದ. ಉಸ್ತಾದರು ಆಮೇಲೆ ಹೆಚ್ಚು ವರ್ಷ ಇರಲಿಲ್ಲ. ಗಾಡಿಗಳು ಬದಲಾದವು. ಈಗಿನವು ಕುದಿಯುವ ಮೊದಲೇ ಕೆಂಪು ದೀಪ ತೋರಿಸಿ ತಾವೇ ನಿಧಾನವಾಗುತ್ತವೆ, ದಾರಿ ಬದಿಯ ಮನೆಗಳಲ್ಲಿ ನೀರು ಕೇಳುವವರು ಕಡಿಮೆ.

ಕೆಲಸ ಬಿಟ್ಟ ಮೇಲೆ, ನನ್ನ ಹೆಂಡತಿಯ ತಮ್ಮ ಜಾಲಹಳ್ಳಿಯಲ್ಲಿ ಮನೆ ಕಟ್ಟಿಸಿದ ಎಂದು ಹೋಗಿದ್ದೆ. ಉಂಡು ಅಡ್ಡಾಡಲು ಹೊರಟವನಿಗೆ ಬೇವಿನ ಮರ ಕಂಡಿತು. ಕಟ್ಟೆ ಮೇಲೆ ಕೋಲು ಹಿಡಿದು ಕೂತಿದ್ದ ಮುದುಕ ಈರಮ್ಮನ ಗಂಡನೇ ಎಂದು ಕೇಳದೆಯೂ ತಿಳಿಯಿತು. ರಾಯಚೂರಿನ ಮೇಸ್ತ್ರಿ ಎಂದು ಹೇಳಿಕೊಂಡೆ. ಈರಮ್ಮ ತಂಬಿಗೆ ನೀರು ತಂದಳು. ಸಣ್ಣ ಹೆಂಗಸು, ತಲೆ ಪೂರ್ತಿ ಬೆಳ್ಳಗಾಗಿತ್ತು. ನೀರು ಬಾಯಿಗೆ ಹಾಕುತ್ತಲೇ ಗುರುತು ಹತ್ತಿತು, ನರಸಪ್ಪನ ರೇಡಿಯೇಟರಿಗೆ ಬಿದ್ದ ಸವಳು ಇದೇ.

ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. “ಯವ್ವಾ, ನರಸಪ್ಪ ಸೊಕ್ಕಿನಿಂದ ಗಾಡಿ ನಿಲ್ಸದ ಹೋಗ್ಲಿಲ್ಲ. ಗಾಡಿ ರಿಪೇರಿ ಮಾಡಿದಾಂವ ನಾನು. ಅದು ಕುದಿಯೋದು ಬಿಡ್ತು. ಅಂವಗ ನಿಲ್ಸಾಕ ನೆಪ ಇಲ್ಲದಂಗ ಆತು.”

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನೆಪ ಅಂಬೋದು ನನಗ ಮೊದಲೇ ಗೊತ್ತಿತ್ತಪ್ಪಾ. ಯಾವ ಗಾಡಿ ದಿನಾ ಒಂದೇ ಮನಿ ಮುಂದ ಕುದೀತದ? ಗಾಡಿ ನಿಲ್ಲದ ಹೋಗಾಕತ್ತಾಗ ನನಗ ಖುಷಿನ ಆತು. ಇನ್ನ ನೆಪ ಮುಗೀತು, ಇವತ್ತಲ್ಲ ನಾಳೆ ನನ್ನ ತಮ್ಮ ಸುಮ್ನ ಇಳದು, ಯಕ್ಕಾ ಅಂತ ಒಳಗ ಬರ್ತಾನ ಅಂತ ಬಾಗಲಾಗ ನಿಲ್ತಿದ್ದೆ. ಮತ್ತ ಅದೇ ಹೊಗಿ, ಅದೇ ನೀರು ಕೇಳ್ಕೊಂತ ಬಂದ ನೋಡು. ಆವತ್ತು ನನ್ನ ಕರುಳು ಸುಟ್ಟಂಗಾತು.”

ಕಟ್ಟೆ ಮೇಲಿನ ಮುದುಕ ಕೋಲಿನ ತುದಿಯನ್ನೇ ನೋಡುತ್ತಾ ಅಂದ, “ಬಂದಿದ್ರ ನಾನೇನು ಹೊಡೀತಿದ್ನೇನ್ರಿ?”

ನನಗೆ ಅಲ್ಲಿ ಕೂರಲು ಆಗಲಿಲ್ಲ. ಹೊಸ ಮುಚ್ಚಳ ಹಾಕಿದ್ದೇ ನನ್ನ ತಪ್ಪು ಎಂದು ನಾನು ಇಷ್ಟು ವರ್ಷ ಕೊರಗಿದ್ದೆ. ಆ ಕೆಲಸ ಸರಿಯಾಗಿಯೇ ಇತ್ತು. ಕೆಡಿಸಿದ್ದು ಎರಡನೆಯ ಮುಚ್ಚಳ, ನಾನೂ ಉಸ್ತಾದರೂ ಪ್ರೀತಿಯಿಂದ ಆರಿಸಿ ಕೊಟ್ಟದ್ದು. ಅವನು ಆವತ್ತು ಬಾಗಿಲಲ್ಲಿ ನೆಲ ಕೆದರುತ್ತಾ ನಿಂತಾಗ, ನಾನು ಅವನ ಜೊತೆ ಗಾಡಿ ಹತ್ತಿ ಜಾಲಹಳ್ಳಿಗೆ ಹೋಗಿ, ಕೈ ಹಿಡಿದು ಹೊಸ್ತಿಲು ದಾಟಿಸಿ ಬರಬೇಕಿತ್ತು. ಒಂದು ಹಗಲಿನ ಕೆಲಸ ಅದು.

ರಾಯಚೂರಿಗೆ ಬಂದವನೇ ಮನೆಗೆ ಹೋಗದೆ ನರಸಪ್ಪನ ಬಂಡಿಯ ಹತ್ತಿರ ಹೋದೆ. ಮಿರ್ಚಿ ಕರಿಯುತ್ತಿದ್ದ. ಒಲೆ ಸಣ್ಣ ಮಾಡಿಸಿ, ಆಕೆ ಅಂದದ್ದನ್ನೂ ಭಾವ ಅಂದದ್ದನ್ನೂ ಒಂದು ಮಾತು ಬಿಡದೆ ಹೇಳಿದೆ. ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಾ ಹಿಡಿದುಕೊಂಡೇ ಕೇಳಿಸಿಕೊಂಡ. ಕಣ್ಣು ತುಂಬಿ ಬಂದವು, ತೋಳಿನಿಂದ ಒರೆಸಿಕೊಂಡ. ಗಿರಾಕಿಯೊಬ್ಬ ಮಂಡಾಳ ಕೇಳಿದ, ಕಟ್ಟಿಕೊಟ್ಟ. ಆಮೇಲೆ ನನ್ನ ಹತ್ತಿರಕ್ಕೆ ಬಗ್ಗಿ, ಅಂದು ಗ್ಯಾರೇಜಿನ ಬಾಗಿಲಲ್ಲಿ ಕೇಳಿದ ಅದೇ ಸಣ್ಣ ದನಿಯಲ್ಲಿ ಕೇಳಿದ.

“ಈಗ ಗಾಡೀನೂ ಇಲ್ಲಲ್ರೀ ಮೇಸ್ತ್ರಿ. ಏನಂತ ಹೋಗ್ಲಿ?”

ಎದುರಿಗೆ ನಿಲ್ದಾಣದಲ್ಲಿ ಜಾಲಹಳ್ಳಿ ದಾರಿಯ ದೇವದುರ್ಗದ ಬಸ್ಸು ನಿಂತಿತ್ತು. ನಾನು ಅದರ ಕಡೆ ಕೈ ಮಾಡಿ ತೋರಿಸಿದೆ. ಅವನು ಒಲೆ ದೊಡ್ಡದು ಮಾಡಿ, ಮತ್ತೆ ಮಿರ್ಚಿ ಬಿಡತೊಡಗಿದ.